ಭಗವಂತನ ಸಹಿ

ನಮ್ಮ ಓಣಿಯ ಭಗವಂತ ಎರಡು ಸಲ ಪಂಚಾಯಿತಿ ಮೆಂಬರ್ ಆಗಿದ್ದ. ಮೊದಲು ಶಹಾಬಾದ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುತ್ತಿದ್ದ. ಆರಿಸಿ ಬಂದ ವರ್ಷ ಮಗಳು ರಾಧಿಕಾಳ ಪಾಟಿಯ ಮೇಲೆ ತನ್ನ ಹೆಸರು ಬರೆಯಲು ಕಲಿತ. ಸಹಿ ಮಾಡಿ ಕೆಳಗೊಂದು ಗೆರೆ ಎಳೆಯುತ್ತಿದ್ದ. ಎಳೆಯುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಅವನ ಕಾಲಕ್ಕೆ ಓಣಿಗೆ ನಳ ಬಂತು, ದೀಪ ಬಂತು.

ನಮ್ಮ ಪಂಚಾಯಿತಿಯಲ್ಲಿ ಒಂದು ರೂಢಿ. ಮೀಟಿಂಗಿಗೆ ಬಂದವರು ಚಹಾ ಕುಡಿದು, ಠರಾವು ಪುಸ್ತಕದ ಖಾಲಿ ಹಾಳೆಗೆ ಸಹಿ ಮಾಡಿ ಹೊಲಕ್ಕೆ ಹೋಗುತ್ತಿದ್ದರು. ಏನು ತೀರ್ಮಾನವಾಯಿತೆಂದು ಆಮೇಲೆ ಆಫೀಸಿನವರು ಬರೆದುಕೊಳ್ಳುತ್ತಿದ್ದರು. ಹಾಗೆ ಬರೆದ ಒಂದು ಹಾಳೆಯಲ್ಲಿ ನಮ್ಮ ಓಣಿಯ ಮಸಣ ಸಾಬಣ್ಣನ ಕಲ್ಲು ಪಾಲಿಶ್ ಕಾರ್ಖಾನೆಗೆ ಹೋಯಿತು. ತಂತಿ ಬೇಲಿ ಬಿದ್ದ ದಿನ ನಮಗೆ ಗೊತ್ತಾಯಿತು. ಭಗವಂತನ ತಾಯಿ ಆ ಬೇಲಿಯ ಒಳಗಿದ್ದಳು.

ಕೇಳಲು ಹೋದರೆ ಸಾಬಣ್ಣ ನಕ್ಕ. "ಮೆಂಬರ್ ಸಾಹೇಬ್ರ, ಸಹಿ ನಿಮ್ದೇ ಅಲ್ಲೇನ್ರಿ? ಗೆರಿನೂ ಎಳದೀರಿ."

ಭಗವಂತ ಚಿತ್ತಾಪುರದ ಕೋರ್ಟಿಗೆ ಹೋದ. ಖಾಲಿ ಹಾಳೆಗೆ ಸಹಿ ಮಾಡಿದೆನೆಂದು ಬರೆಸಿಕೊಟ್ಟ. ಅದು ಅವನಿಗೆ ಭಾರೀ ನಾಚಿಕೆಯ ಮಾತಾಗಿತ್ತು. ಮೆಂಬರ್ ಕೆಲಸಕ್ಕೂ ರಾಜೀನಾಮೆ ಕೊಟ್ಟ. ಹೆಂಡತಿ ಅನಸುಬಾಯಿ ಸಿಟ್ಟಾದಾಗ, "ಹೋದ್ರ ಹೋಗ್ಲಿ ಬಿಡು. ಓಣಿಯವ್ರು ಸತ್ರ ಎಲ್ಲಿ ಇಡಬೇಕು?" ಅಂದ.

ಆರು ವರ್ಷ ತಾರೀಖಿಗೆ ತಿರುಗಿದ. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಸಂಜೆ ಬಸ್ಸು ಇಳಿದವನ ಕೆಮ್ಮು ಕೇಳಿದರೆ ಸಾಕು, ತಾರೀಖು ಮತ್ತೆ ಮುಂದೆ ಹೋಗಿದೆಯೆಂದು ನನಗೆ ತಿಳಿಯುತ್ತಿತ್ತು.

ಹೋದ ಮಳೆಗಾಲ ತೀರಿಕೊಂಡ. ಸಾಬಣ್ಣ ತಾನೇ ಒಂದು ಕಾಗದ ಹಿಡಿದು ಮನೆಗೆ ಬಂದ. "ಬೇಲಿ ತೆಗಸ್ತೀನಿ ತಂಗಿ. ತಾಯಿ ಮಗ್ಗಲದಾಗೇ ಇಡ್ರಿ. ಇಲ್ಲೊಂದು ಹೆಬ್ಬೆಟ್ಟು ಒತ್ರಿ ಸಾಕು."

ಅನಸುಬಾಯಿಯ ತಮ್ಮ ಕಪಿಲ ಕುರಕುಂಟಾದಿಂದ ಬಂದಿದ್ದ. "ಒತ್ತಕ್ಕಾ. ಹೊತ್ತಾಗಲಿಕತ್ತದ, ಮಂದಿ ನಿಂತಾರ."

"ರಾಧಿಕಾ, ಓದವ್ವಾ," ಅಂದಳು ಅನಸುಬಾಯಿ.

ರಾಧಿಕಾ ಅಳುತ್ತಲೇ ಓದಿದಳು. ಈ ಒಂದು ಹೆಣಕ್ಕೆ ಮಾತ್ರ ಜಾಗ, ಕೇಸು ವಾಪಸು, ಮುಂದೆ ಓಣಿಯವರು ಯಾರೂ ಕೇಳುವಂತಿಲ್ಲ.

ಅನಸುಬಾಯಿ ಹೆಬ್ಬೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇವ್ರೂ ಸಹಿಗಿಂತ ಮೊದ್ಲ ಬರಸಿ, ಒಮ್ಮಿ ಓದಿಸಿ ಕೇಳಿದ್ರ..." ಅಂದವಳು ಅಲ್ಲಿಗೇ ಬಿಟ್ಟಳು. ತಮ್ಮನ ಕಡೆ ತಿರುಗಿ ಕೇಳಿದಳು, "ನಿನ್ನ ಹೊಲದ ಬದುವಿನಾಗ ಜಾಗ ಅದ ಏನೋ?"

ಕುರಕುಂಟಾಕ್ಕೆ ಟೆಂಪೋದಲ್ಲಿ ಒಯ್ದೆವು. ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ, ತಾಯಿಯ ಕಡೆ ಅವನ ಮುಖ ತಿರುಗಿಸಿದೆವು. ಒಳಗೆ ಮಷಿನ್ ನಡೆದೇ ಇತ್ತು.

ಈಗ ತಾರೀಖಿಗೆ ಅನಸುಬಾಯಿ ಹೋಗುತ್ತಾಳೆ. ಓದಿ ಹೇಳಲು ರಾಧಿಕಾ ಜೊತೆಗಿರುತ್ತಾಳೆ. ಸಂಜೆ ಬಸ್ಸು ನಿಂತಾಗ ನಾನು ಇನ್ನೂ ಕೆಮ್ಮಿಗೆ ಕಿವಿಗೊಡುತ್ತೇನೆ. ಎರಡು ಜೊತೆ ಚಪ್ಪಲಿಯ ಸಪ್ಪಳವಷ್ಟೇ ಬರುತ್ತದೆ.