ಪಂಪು ಬದಲಾಯಿಸಿದವಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಜಗಳಗಂಟಿ ಎನ್ನುತ್ತಿದ್ದರು, ಅದೂ ಅವಳ ಕಿವಿಗೆ ಬೀಳುವಂತೆಯೇ. ರಕ್ತನಾಳದ ಒಳಗೋಡೆಯ ಜೀವಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ಪಂಪಿಗೆ ಜೋಡಿಸಿ, ಅವುಗಳ ಮೇಲೆ ರಕ್ತದ ಹಾಗೆ ದ್ರವ ಹರಿಸುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ.

ಆ ವರ್ಷ ಪ್ರಯೋಗಾಲಯದ ಮುಖ್ಯಸ್ಥೆ ರಕ್ತನಾಳದ ಉರಿಯೂತ ತಡೆಯುವ ಹೊಸ ಔಷಧಿಯೊಂದರ ಬೆನ್ನು ಹತ್ತಿದ್ದರು. ಉರಿಯೂತದ ಜೀನುಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಔಷಧಿ ಬಿದ್ದ ಕೋಶಗಳಲ್ಲಿ ಆ ಹಸಿರು ಕೋಶಕೇಂದ್ರದ ಹೊರಗೇ ಉಳಿದಿತ್ತು. ಬೀಳದವುಗಳಲ್ಲಿ ಒಳಗೆ ನುಗ್ಗಿತ್ತು, ಎಂದರೆ ಉರಿಯೂತ ಶುರುವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ.

"ಮೇಡಂ, ಔಷಧಿ ಹಾಕಿದ್ದೆಲ್ಲ ಹೊಸ ಪಂಪಲ್ಲಿತ್ತು. ಹಾಕದೇ ಇರೋದು ಹಳೇದ್ರಲ್ಲಿ. ಅದು ತಡವರಿಸುತ್ತೆ. ದ್ರವ ಒಂದೇ ಸಮ ಹರಿದ್ರೆ ಕೆಎಲ್‌ಎಫ್-2 ಅನ್ನೋ ಪ್ರೋಟೀನು ಹೆಚ್ಚಾಗಿ ಕೋಶನ ತಾನೇ ಸುಮ್ಮನಿರಿಸುತ್ತೆ. ಇದು ಔಷಧಿ ಕೆಲಸ ಅಲ್ಲ."

"ಜೋಡಿಸಿದ್ದು ನೀನೇ ತಾನೇ?"

"ನೀವು ಬರೆದುಕೊಟ್ಟ ಹಾಗೆ."

"ಹಾಗಾದ್ರೆ ಬರೆದಷ್ಟು ಮಾಡು. ನಂಗೆ ಪಾಠ ಹೇಳ್ಬೇಡ."

ಮನೆಯಲ್ಲಿ, ಬಸ್ ಓಡಿಸುವ ಗಂಡ ಸಿಡುಕಿದ. "ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿಂಗೆ?"

"ನಮ್ಮಣ್ಣನ ಕತ್ತಿನ ರಕ್ತನಾಳ ಕಟ್ಟಿದ್ದು ಎಲ್ಲಿ? ಕವಲೊಡೆಯೋ ಜಾಗದಲ್ಲಿ. ಅಲ್ಲಿ ರಕ್ತ ಸುಳಿ ತಿರುಗುತ್ತೆ. ನಾಳೆ ಈ ಔಷಧಿ ನುಂಗೋರು ಅಂಥವರೇ. ಸುಳಿಯಲ್ಲಿ ಅದು ಕೆಲಸಕ್ಕೇ ಬರದಿದ್ರೆ?"

ಅವನು ಎದ್ದುಹೋದ.

ಮರುವಾರ ಅವಳು ಯಾರನ್ನೂ ಕೇಳದೆ ಪಂಪುಗಳನ್ನು ಅದಲುಬದಲು ಮಾಡಿದಳು. ಮಾಡಿದ್ದನ್ನು ಪ್ರಯೋಗದ ದಾಖಲೆ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಳು. ಮೂರು ಸಲ ಮಾಡಿದರೂ ಫಲಿತಾಂಶ ಒಂದೇ. ಹಳೇ ಪಂಪಿನಲ್ಲಿ ಔಷಧಿ ಬಿದ್ದ ಕೋಶಗಳ ಕೇಂದ್ರವೆಲ್ಲ ಹಸಿರು. ಹೊಸದರಲ್ಲಿ ಔಷಧಿಯಿಲ್ಲದೆಯೂ ಕೋಶಗಳು ತಣ್ಣಗಿದ್ದವು. ಸೋಮವಾರದ ಸಭೆಯಲ್ಲಿ ಚಿತ್ರಗಳನ್ನು ಮುಖ್ಯಸ್ಥೆಯ ಮುಂದೆ ಎಸೆದಳು.

ಮುಖ್ಯಸ್ಥೆ ಒಂದೊಂದನ್ನೇ ನೋಡಿದರು. ಮುಖ ಕಪ್ಪಿಟ್ಟಿತು. "ಯಾರ ಅಪ್ಪಣೆ ತಗೊಂಡೆ?"

"ಯಾರದ್ದೂ ಇಲ್ಲ."

ಪ್ರಕಟಣೆಗೆ ಹೊರಟಿದ್ದ ಲೇಖನ ನಿಂತಿತು. ಔಷಧಿಯ ಕಡತ ಮುಚ್ಚಿತು. ಅವಳನ್ನು ಕಿಟಕಿಯಿಲ್ಲದ ರಾಸಾಯನಿಕಗಳ ಉಗ್ರಾಣಕ್ಕೆ ತಳ್ಳಿದರು.

"ಮೇಡಂನ ಒಂದು ಸಾರಿ ಕೇಳಿಬಿಡಿ ಅಕ್ಕ, ವಾಪಸ್ ಕರ್ಕೋತಾರೆ," ಎಂದಳು ಸಹೋದ್ಯೋಗಿಯೊಬ್ಬಳು.

"ಅವರು ಕೇಳ್ಲಿ."

ಯಾರೂ ಕೇಳಲಿಲ್ಲ. ಅವಳ ನಿವೃತ್ತಿಯವರೆಗಿನ ನಾಲ್ಕು ವರ್ಷ, ಎದುರಾದಾಗಲೆಲ್ಲ ಅವಳೂ ಮುಖ್ಯಸ್ಥೆಯೂ ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು.