ರಾಯರ ಅಂದಾಜಿನ ಆಕಾಶ

ಬಲೂನಿಗೆ ಹೈಡ್ರೋಜನ್ ತುಂಬುವಾಗ ಬೆಂಕಿ ಹತ್ತಬಹುದಿತ್ತು. ಯುದ್ಧಕಾಲ; ಮೇಲೇರಿದ್ದನ್ನು ದಂಡಿನ ಸೋಲ್ಜರುಗಳು ಶತ್ರುವಿನದೆಂದು ಹೊಡೆದು, ನಮ್ಮನ್ನೂ ಹಿಡಿದೊಯ್ಯಬಹುದಿತ್ತು. ಅದಕ್ಕೆ ಕಟ್ಟಿದ ಪೆಟ್ಟಿಗೆ ಹಲಸೂರು ಕೆರೆಗೆ ಬೀಳಬಹುದಿತ್ತು, ಯಾರದೋ ತಲೆಯ ಮೇಲೂ ಬೀಳಬಹುದಿತ್ತು. ಹವಾಮಾನ ಕಚೇರಿಯಲ್ಲಿ ಸಹಾಯಕನಾಗಿದ್ದ ನಾನು ಇವನ್ನೆಲ್ಲ ಯೋಚಿಸಿ ನಿದ್ದೆಗೆಡುತ್ತಿದ್ದೆ. ನನ್ನ ಮೇಲಿನವರಾದ ಶಾಮರಾಯರಿಗೆ ಆ ತಾಪತ್ರಯವಿರಲಿಲ್ಲ. ಶಾಲು ಹೊದ್ದು ಕುರ್ಚಿಗೆ ಅಂಟಿಕೊಂಡವರು. ಒಮ್ಮೆಯೂ ತಲೆಯೆತ್ತಿ ಮೇಲೆ ನೋಡದ ಆಕಾಶತಜ್ಞರು.

ಭೂಮಧ್ಯರೇಖೆಯ ಕಡೆಯ ನಮ್ಮಂಥ ಊರುಗಳ ಮೇಲೆ, ಹದ್ದೂ ಏರದ ಎತ್ತರದಲ್ಲಿ, ರಾತ್ರಿಯ ಗಾಳಿ ಎಷ್ಟು ತಣ್ಣಗಾಗುತ್ತದೆ, ಒಂದು ರಾತ್ರಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಎಂದು ಅಳೆಯುವುದು ನಮ್ಮ ಕೆಲಸ. ಪೆಟ್ಟಿಗೆಯೊಳಗೆ ಮಸಿ ಹಿಡಿಸಿದ ಪುಟ್ಟ ತಗಡು. ಶಾಖದ ಏರಿಳಿತವನ್ನು ಆ ಮಸಿಯಲ್ಲಿ ಒಂದು ಮುಳ್ಳು ಗೀರುತ್ತಿತ್ತು. ಬಲೂನು ಮೇಲೆ ಒಡೆದು ಪೆಟ್ಟಿಗೆ ಎಲ್ಲೋ ಬೀಳುತ್ತಿತ್ತು; ಸಿಕ್ಕಿದವರು ತಂದುಕೊಡಿ ಎಂದು ಅದಕ್ಕೆ ಚೀಟಿ ಅಂಟಿಸುತ್ತಿದ್ದೆವು. ಪೆಟ್ಟಿಗೆ ಮರಳದಿದ್ದರೆ ದಾಖಲೆ ಪುಸ್ತಕದಲ್ಲಿ ಆ ರಾತ್ರಿಯ ಜಾಗವನ್ನು ಖಾಲಿ ಬಿಡಬೇಕು. ರಾಯರು ಹಿಂದಿನ ಸಲದ ಅಂಕಿಯನ್ನೇ ಇಳಿಸುತ್ತಿದ್ದರು.

“ರಾತ್ರಿ ಅಂದ್ಮೇಲೆ ತಣ್ಣಗಿರತ್ತೆ ಕಣ್ರೀ. ನಿನ್ನೆ ಇದ್ದ ಆಕಾಶ ಇವತ್ತು ಮನೆ ಖಾಲಿ ಮಾಡ್ಕೊಂಡು ಹೋಗತ್ತಾ? ರುಜು ಹಾಕಿ.”

ಹಾಕುತ್ತಿದ್ದೆ. ಪ್ರತಿ ಸುಳ್ಳಿನ ಕೆಳಗೂ ಅವರದೊಂದು, ನನ್ನದೊಂದು.

ಅವರು ನಿವೃತ್ತರಾಗುವ ವಾರ ಮಾತ್ರ ನನ್ನ ಕೈ ಏಳಲಿಲ್ಲ. ಈ ಸಲದ ಪೆಟ್ಟಿಗೆ ಬರಲಿ, ನೋಡೋಣ ಎಂದುಬಿಟ್ಟೆ.

“ಕಾಯಿರಿ,” ಎಂದರು ರಾಯರು. “ನನ್ನ ಅಂಕಿ ತಪ್ಪಾಗಿದ್ರೆ, ಇಷ್ಟು ವರ್ಷದ್ದೂ ಅಂದಾಜು ಅಂತ ನಾನೇ ಬರ್ಕೊಡ್ತೀನಿ. ಇಲ್ಲಾಂದ್ರೆ ಬಾಯ್ಮುಚ್ಕೊಂಡು ರುಜು.”

ಅವರ ಕೊನೆಯ ದಿನ, ಕೊರಳಿಗೆ ಹಾರ ಬಿದ್ದ ಹೊತ್ತಿಗೆ ಸರಿಯಾಗಿ, ಕೆ.ಆರ್. ಪುರದ ಮುನಿಯಮ್ಮ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಎಲ್ಲೂ ಒಡೆದಿರಲಿಲ್ಲ. ಅಲ್ಲೇ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ.

“ನಮ್ಮ ರಾಗಿ ಹೊಲ್ದಾಗೆ ಬಿದ್ದಿತ್ತು ಸ್ವಾಮಿ,” ಎಂದಳು. “ಒಳಗಿನ ತಗಡು ಒಲೆ ಮೇಲಿನ ಪಾತ್ರೆ ಥರ ಮಸಿ ಹಿಡಿದಿತ್ತು. ಇನ್ನೊಬ್ರ ಸಾಮಾನು ಹಂಗೇ ಕೊಡಕ್ಕಾಯ್ತದಾ? ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿವ್ನಿ.”

ತಗಡು ಫಳಫಳ ಹೊಳೆಯುತ್ತಿತ್ತು. ರಾಯರು ಅದರಲ್ಲಿ ಹಾರ ಸರಿಪಡಿಸಿಕೊಂಡರು.

“ನೋಡಿದ್ರಾ? ನನ್ನ ಅಂಕಿಗೆ ವಿರುದ್ಧವಾಗಿ ಒಂದು ಗೀರೂ ಇಲ್ಲ.”

ಮುನಿಯಮ್ಮನಿಗೆ ಕಾಫಿ ತರಿಸಿದರು. ಅವರು ಇನ್ನೊಬ್ಬರಿಗೆ ಕಾಫಿ ಕೊಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಪೆನ್ನನ್ನು ನನ್ನತ್ತ ಚಾಚಿ, ಉತ್ತರಕ್ಕೂ ಕಾಯದೆ ಜಟಕಾ ಹತ್ತಿ ಹೊರಟರು. ಮತ್ತೆಂದೂ ಅವರನ್ನು ನೋಡಲಿಲ್ಲ.

ರುಜು ಹಾಕಿದೆ. ಶಾಯಿ ಹರಡೀತೆಂಬ ಭಯಕ್ಕೆ ಮೆಲ್ಲಗೆ ಊದಿದೆ.