ಗುಂಡಿಯಿಂದ ಮೇಲೆ ಬಂದ ಟಿಪ್ಪರ್

ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಕಟ್ಟಡಕ್ಕೆ ತೋಡಿದ್ದ ಗುಂಡಿಯೊಳಗಿಂದ ನಮ್ಮ ಹೊಸ ಟಿಪ್ಪರ್ ಬಂಡೆಗಲ್ಲು ತುಂಬಿಕೊಂಡು ಏರತೊಡಗಿತು. ಗಂಡನ ತಮ್ಮ, ಅಂದರೆ ನನ್ನ ಮೈದುನ, ಮತ್ತು ನಾನು ಅಂಚಿನಲ್ಲಿ ನಿಂತು ನೋಡುತ್ತಿದ್ದೆವು. ಏರುದಾರಿಯ ನಡುವೆ ಇಕ್ಕಟ್ಟಾದ ತಿರುವು. ಸ್ವಲ್ಪ ಮೊದಲು ಬೇರೆಯವರ ಉದ್ದನೆಯ ಲಾರಿ ಅಲ್ಲಿ ಹಿಂದೆ ಮುಂದೆ ಸರಿದಾಡಿ, ಕೊನೆಗೆ ಅರ್ಧ ಕಲ್ಲು ಇಳಿಸಿ ಹೋಗಿತ್ತು.

ಕಲಬುರಗಿಯಿಂದ ಹೆದ್ದಾರಿಯಲ್ಲಿ ತೊಗರಿ ಸಾಗಿಸಿ ಪಳಗಿದ ಮೈದುನನಿಗೂ ಉದ್ದನೆಯ, ಜೋರಾಗಿ ಓಡುವ ಗಾಡಿಯೇ ಬೇಕಿತ್ತು. ಇಲ್ಲಿನ ಕಲ್ಲು ಸಾಗಿಸುವ ಗುತ್ತಿಗೆ ಸಿಕ್ಕ ಮೇಲೆ ನಾನು ಆ ಗುಂಡಿಗಿಳಿದು, ಹತ್ತಿ, ನೋಡಿ ಬಂದಿದ್ದೆ. ಹಾಗಾಗಿ ಗಿಡ್ಡ ಚಾಸಿಯ, ನಿಧಾನವಾಗಿ ಆದರೆ ಬಲವಾಗಿ ಎಳೆಯುವ ಗೇರಿನ ಗಾಡಿಗೇ ಪಟ್ಟು ಹಿಡಿದೆ. ನಮ್ಮ ಯಜಮಾನರು ಒಪ್ಪಿದರು. ಹೊಸ ಗಾಡಿಗೆ ಆರತಿ ಎತ್ತುವುದಷ್ಟೇ ಹೆಂಗಸರ ಪಾಲಾಗಿದ್ದ ಮನೆ ನಮ್ಮದು.

“ವೈನಿ, ಇದು ಗಾಡಿ ಅಲ್ರಿ, ಆಮೆ ಐತಿ” ಎಂದು ಮೈದುನ ಶೋರೂಮಿನಲ್ಲೇ ನಕ್ಕಿದ್ದ.

ಆಮೆ ತಿರುವಿಗೆ ಬಂತು. ಒಮ್ಮೆಯೂ ಹಿಂದೆ ಸರಿಯದೆ, ಒಂದೇ ಸುತ್ತಿಗೆ ತಿರುಗಿ, ಗುರುಗುಟ್ಟುತ್ತ ನಮ್ಮೆದುರೇ ಬಂದು ನಿಂತಿತು. ಮೈದುನ ಮೊದಲು ಅದರ ಚಕ್ರ ನೋಡಿದ, ಆಮೇಲೆ ನನ್ನನ್ನು. “ಮುಂದಿನ ಗಾಡಿನೂ ನೀವ ಆರಿಸ್ರಿ, ವೈನಿ” ಎಂದ.

ಅಂದಿನಿಂದ ನಮ್ಮ ಮನೆಯಲ್ಲಿ ಗಾಡಿ ಆರಿಸುವುದು ನಾನು. ಆರತಿ ಎತ್ತುವುದು ಮೈದುನ.